ಗ್ರೇವಿಗೆ ಐಸ್ ಇಡ್ಲಿ

ಫ್ರೀಜರಿನ ಬಾಗಿಲು ಮುಚ್ಚುತ್ತಿರಲಿಲ್ಲ. ನಿಧಿ ಮೊದಲು ಕೈಯಿಂದ ತಳ್ಳಿದಳು. ಆಮೇಲೆ ಮೊಣಕಾಲಿನಿಂದ ತಳ್ಳಿದಳು. ಕೊನೆಗೆ ತಿರುಗಿ ನಿಂತು ಕುಂಡಿಯಿಂದ ಒತ್ತಿದಳು. ಒಳಗೆ ಏನೋ ‘ಟಣ್’ ಎಂದಿತು. ಬಾಗಿಲು ಮಾತ್ರ ಮತ್ತೆ ಬಾಯಿ ಬಿಟ್ಟುಕೊಂಡಿತು.

"ಏನವಾ, ಯಾರ ಜೋಡಿ ಕುಸ್ತಿ ಹಿಡದೀ?" ಎಂದು ಆಯಿ ಸೊಪ್ಪು ಬಿಡಿಸುತ್ತಲೇ ಕೇಳಿದಳು.

ಆಯಿ ಎಂದರೆ ನಿಧಿಯ ಅಮ್ಮನ ಅಮ್ಮ, ಪಾರ್ವತೆವ್ವ. ವಿಜಯಪುರದಿಂದ ಟೊರಾಂಟೋ ಹತ್ತಿರದ ಸ್ಟ್ರೀಟ್ಸ್‌ವಿಲ್‌ಗೆ ಬಂದು ಆರು ವಾರವಾಗಿತ್ತು.

"ಇಡ್ಲಿ ಸ್ಟ್ಯಾಂಡ್ ಫ್ರೀಜರ್‌ನಲ್ಲಿ ಹಿಡೀತಿಲ್ಲ ಆಯಿ."

"ಇಡ್ಲಿ ಸ್ಟ್ಯಾಂಡ್ ಅಲ್ಲಿ ಯಾಕ ಇಡ್ತೀ? ಪಾಪ, ಹುಟ್ಟಿದಾಗಿಂದ ಉಗಿಯೊಳಗ ಬೆಂದದ್ದು ಅದು. ಒಮ್ಮಿಗೇ ಐಸಿನಾಗ ಕುಂಡ್ರಿಸಿದ್ರ ನೆಗಡಿ ಆಗ್ತದ ಅದಕ್ಕ."

"ಗ್ರೇವಿ ಬರ್ತ್‌ಡೇಗೆ ಟ್ರೀಟ್ಸ್ ಮಾಡ್ತಿದೀನಿ. ನಾಳೆ ಪಾರ್ಟಿ!"

ಗ್ರೇವಿ ಪಕ್ಕದ ಮನೆಯ ನಾಯಿ. ಕಂದು ಬಣ್ಣದ ದೊಡ್ಡ ಲ್ಯಾಬ್ರಡಾರ್. ದಿನವಿಡೀ ಮನೆಯ ಮುಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ, ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುವಂತೆ ಕೂತಿರುತ್ತಿತ್ತು. ಅದಕ್ಕೇ ಆಯಿ ಅದನ್ನು ‘ಗೌಡ್ರು’ ಎಂದು ಕರೆಯುತ್ತಿದ್ದಳು.

"ಗೌಡ್ರಿಗೆ ಹುಟ್ಟಿದ ಹಬ್ಬ!" ಆಯಿ ಸೊಪ್ಪು ಕೆಳಗಿಟ್ಟಳು. "ನನಗ ಎಪ್ಪತ್ತೊಂದು ಮುಗದಾವು. ಇಲ್ಲಿತನಕ ಒಬ್ಬರೂ ಒಂದು ಪೇಢೆ ತಂದು ಕೈಯಾಗ ಇಟ್ಟಿಲ್ಲ. ಆ ನಾಯಿ ಏನು ಪುಣ್ಯಾ ಮಾಡಿತ್ತೋ ಏನೋ!"

ನಿಧಿಗೆ ನಗಲು ಪುರುಸೊತ್ತಿರಲಿಲ್ಲ. ನಾಳೆಯ ಪಾರ್ಟಿ ಅವಳಿಗೆ ಪರೀಕ್ಷೆ ಇದ್ದಂತೆ. ಪರೀಕ್ಷೆಗೂ ಅವಳು ಇಷ್ಟು ತಯಾರಿ ಮಾಡಿದವಳಲ್ಲ.

ಗ್ರೇವಿಯ ಒಡತಿ ಮಿಸೆಸ್ ಡಾಯ್ಲ್ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಅವರ ಮೊಣಕಾಲು ಕೈಕೊಟ್ಟಿತ್ತು. "ಪಾರ್ಟಿಯ ಟ್ರೀಟ್ ನಿನ್ನ ಜವಾಬ್ದಾರಿ, ನಿಧಿ. ಅದನ್ನ ಚೆನ್ನಾಗಿ ಮಾಡಿದರೆ ಸಮ್ಮರ್ ಪೂರ್ತಿ ಬೆಳಗಿನ ವಾಕಿಂಗ್‌ಗೆ ಗ್ರೇವಿಯನ್ನ ನಿನಗೇ ಬಿಡ್ತೀನಿ" ಎಂದು ಹೇಳಿದ್ದರು.

ಸಮ್ಮರ್ ಪೂರ್ತಿ! ನಾಲ್ಕು ವರ್ಷದಿಂದ ನಿಧಿ ಮನೆಯಲ್ಲಿ ನಾಯಿ ಬೇಕು ಎಂದು ಕೇಳುತ್ತಿದ್ದಳು. ನಾಲ್ಕು ವರ್ಷದಿಂದಲೂ ಅಮ್ಮ ಒಂದೇ ಉತ್ತರ ಕೊಡುತ್ತಿದ್ದಳು: "ಮೊದ್ಲು ನಿನ್ನ ಸಾಕ್ಸ್ ನೀನು ಎತ್ತಿಡು."

ನಾಯಿ ಇಲ್ಲದಿದ್ದರೇನು, ನಾಯಿಯ ಬಗ್ಗೆ ನಿಧಿಗೆ ಎಲ್ಲ ಗೊತ್ತಿತ್ತು. ಎಷ್ಟು ವಿಡಿಯೋ ನೋಡಿದ್ದಳೋ ಲೆಕ್ಕವಿಲ್ಲ. ಟ್ರೀಟಿಗೆ ಏನೇನು ಬೇಕು ಎಂದು ಅವಳು ನಿದ್ದೆಯಲ್ಲೂ ಹೇಳುತ್ತಿದ್ದಳು: ಸಪ್ಪೆ ಮೊಸರು, ಬಾಳೆಹಣ್ಣು, ಒಂದು ಚಮಚ ಪೀನಟ್ ಬಟರ್. ಏನು ಹಾಕಬಾರದು ಎಂಬುದನ್ನು ಇಂಗ್ಲಿಷಿನಲ್ಲಿ, ಐದು ಬಣ್ಣದ ಮಾರ್ಕರಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ. ಕೆಳಗೆ ಒಂದು ತಲೆಬುರುಡೆಯ ಚಿತ್ರ. ಬುರುಡೆಗೆ ಹಲ್ಲು ಸ್ವಲ್ಪ ಜಾಸ್ತಿಯಾಗಿ, ಅದು ನಗುತ್ತಿರುವಂತೆ ಕಾಣುತ್ತಿತ್ತು.

ಅಂಟಿಸುವಾಗ ಆಯಿ, "ಏನವಾ ಅದು?" ಎಂದು ಕೇಳಿದ್ದಳು.

"ಡಾಗ್ ಸ್ಟಫ್ಫು ಆಯಿ. ನಿಂಗೆ ಗೊತ್ತಾಗಲ್ಲ."

ಇಷ್ಟೆಲ್ಲ ಗೊತ್ತಿದ್ದ ನಿಧಿಗೆ ಇಡ್ಲಿ ತಟ್ಟೆಯಲ್ಲಿ ತೂತುಗಳಿರುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಿಂದಿನ ದಿನ ಹೊಯ್ದ ಮೊಸರೆಲ್ಲ ಸೋರಿ, ಬಟಾಣಿ ಪ್ಯಾಕೆಟ್ಟಿನ ಮೇಲೆ ಇಳಿದು, ಅಪ್ಪನ ಫ್ರೋಜನ್ ಪರೋಟದ ಡಬ್ಬಕ್ಕೆ ಗಡ್ಡ ಬೆಳೆದಂತೆ ಜೋತುಬಿದ್ದಿತ್ತು. ಇವತ್ತು ಎರಡನೇ ಸಲ: ಮೊಸರು ಹೊಯ್ದೊಡನೆ ಗಟ್ಟಿಯಾಗಲೆಂದು ಖಾಲಿ ಸ್ಟ್ಯಾಂಡನ್ನೇ ಮೊದಲು ತಣ್ಣಗಾಗಿಸಲು ಹೊರಟಿದ್ದಳು.

ಆಯಿ ಎದ್ದು ಬಂದು ಸ್ಟ್ಯಾಂಡ್ ಹೊರಗೆಳೆದಳು. ಮೂರು ತಟ್ಟೆಗಳನ್ನೂ ಬಿಚ್ಚಿದಳು. ತೆಳ್ಳಗಿನ ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ ತಟ್ಟೆಗೆ ಹಾಸಿದಳು.

"ಈಗ ಹೊಯ್ಯಿ. ಗಟ್ಟಿ ಮೊಸರು ಬಟ್ಟಿ ದಾಟಿ ಹೋಗೂದಿಲ್ಲ. ನಾಳಿ ಉಗುರುಬೆಚ್ಚನ ನೀರು ಸವರಿದ್ರ ಬಟ್ಟಿ ಬಿಟ್ಟುಬರ್ತದ. ತಟ್ಟಿ ಒಂದರ ಮ್ಯಾಲೊಂದು ಇಡಬ್ಯಾಡ, ಬಿಡಿಬಿಡಿಯಾಗಿ ಇಡು. ಆಗ ನಿನ್ನ ಕುಂಡಿ ಸಹಾಯ ಬೇಕಾಗೂದಿಲ್ಲ."

ಹನ್ನೆರಡು ಗುಳಿಗೂ ಮೊಸರು ತುಂಬಿತು. ಒಂದು ಹನಿಯೂ ಸೋರಲಿಲ್ಲ. ನಿಧಿ ಆಯಿಯ ಕೆನ್ನೆಗೆ ಮೊಸರುಬಾಯಲ್ಲೇ ಮುತ್ತು ಕೊಟ್ಟು, ಬರ್ತ್‌ಡೇ ಕಾರ್ಡ್ ಬರೆಯಲು ಮಹಡಿಗೆ ಓಡಿದಳು. "ಆಯಿ, ಫ್ರೀಜರಲ್ಲಿ ನೀನೇ ಇಟ್ಟುಬಿಡು!"

ಆಮೇಲೆ ಅಡುಗೆಮನೆಯಲ್ಲಿ ನಡೆದದ್ದು ನಿಧಿಗೆ ತಿಳಿದದ್ದು ಮರುದಿನ. ನಮಗೆ ಈಗಲೇ ತಿಳಿದಿರಲಿ.

ಆಯಿ ಊರಿನಿಂದ ಬರುವಾಗ ಮೂರು ಕಿಲೋ ಒಣದ್ರಾಕ್ಷಿ ತಂದಿದ್ದಳು. ಅವಳ ಅಣ್ಣನ ತೋಟದ್ದು. ಉಪ್ಪಿಟ್ಟಿಗೂ ಅದು ಬೀಳುತ್ತಿತ್ತು, ಮೊಸರನ್ನಕ್ಕೂ ಬೀಳುತ್ತಿತ್ತು. ಮನೆಗೆ ಬಂದವರು ಯಾರೂ ಒಂದು ಮುಷ್ಟಿ ದ್ರಾಕ್ಷಿ ಇಲ್ಲದೆ ವಾಪಸ್ಸು ಹೋಗುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಈಚೆಗೆ ಕಾಗದ ಇಲ್ಲದ ದಿನವೂ ಇವರ ಬಾಗಿಲ ಕಡೆ ನೋಡಿಕೊಂಡು ಹೋಗುತ್ತಿದ್ದ.

"ಹುಟ್ಟಿದ ಹಬ್ಬಕ್ಕ ಬರೇ ಬಿಳೇ ಮೊಸರು ಇಟ್ರ ಮಂದಿ ಏನಂದಾರು?" ಎಂದು ಆಯಿ ತನಗೆ ತಾನೇ ಹೇಳಿಕೊಂಡಳು. ಒಂದೊಂದು ಗುಳಿಗೆ ಎರಡೆರಡು ದ್ರಾಕ್ಷಿ ಇಟ್ಟು, ಬೆರಳಿನಿಂದ ಒಳಕ್ಕೆ ಒತ್ತಿ, ಮೇಲೆ ಮೊಸರು ಸವರಿದಳು. ಗೌಡ್ರ ಪಾಲಿಗೆ ಐದು. ಗುರುತಿಗೆ ಅದರ ಮೇಲೊಂದು ಬಾಳೆಹಣ್ಣಿನ ಬಿಲ್ಲೆ. ಎಲ್ಲವನ್ನೂ ಫ್ರೀಜರಿಗೆ ಸೇರಿಸಿ ಬಾಗಿಲು ಮುಚ್ಚಿದಳು. ಬಾಗಿಲ ಮೇಲಿದ್ದ ನಿಧಿಯ ಕಾಗದ ಸ್ವಲ್ಪ ಓರೆಯಾಗಿತ್ತು. ಅದನ್ನೂ ನೆಟ್ಟಗೆ ಮಾಡಿದಳು.

ಭಾನುವಾರ ಅಮ್ಮ ಅಪ್ಪ ಯಾರದೋ ಗೃಹಪ್ರವೇಶಕ್ಕೆಂದು ಮಿಲ್ಟನ್‌ಗೆ ಹೋದರು. ನಿಧಿ ಕೂಲರ್ ಡಬ್ಬಿ ಹೊತ್ತುಕೊಂಡು ಪಕ್ಕದ ಮನೆಯ ಹಿತ್ತಲಿಗೆ ಹೊರಟಳು. ಹಿಂದೆಯೇ ಆಯಿ ಬಂದಳು. ಇಳಕಲ್ ಸೀರೆ, ಕಾಲಿಗೆ ಬಿಳಿ ಸ್ನೀಕರ್ಸ್, ಕೈಯಲ್ಲಿ ಆರತಿ ತಟ್ಟೆ.

"ಆಯಿ, ಪ್ಲೀಸ್! ನಾಯಿಗೆ ಯಾರೂ ಆರತಿ ಎತ್ತಲ್ಲ!"

"ನಾಯಿಗೆ ಯಾರೂ ಹುಟ್ಟಿದ ಹಬ್ಬಾನೂ ಮಾಡೂದಿಲ್ಲ. ಅವರು ಅದನ್ನ ಮಾಡ್ಯಾರ, ನಾ ಇದನ್ನ ಮಾಡ್ತೀನಿ. ನಡಿ."

ಹಿತ್ತಲಲ್ಲಿ ಬಲೂನು ಕಟ್ಟಿದ್ದರು. ಬೀದಿಯ ಇನ್ನೂ ಮೂರು ನಾಯಿಗಳು ತಮ್ಮತಮ್ಮ ಮನೆಯವರನ್ನು ಎಳೆದುಕೊಂಡು ಬಂದಿದ್ದವು. ಗ್ರೇವಿಯ ತಲೆಯ ಮೇಲೆ ಕಾಗದದ ಟೋಪಿ ಇತ್ತು. ಮುಖದಲ್ಲಿ ಮರ್ಯಾದೆ ಹೋದವರ ಕಳೆ ಇತ್ತು. ಆಯಿ ಅದರ ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿದಳು. ಎಲ್ಲರೂ ಫೋನ್ ತೆಗೆದು ಫೋಟೋ ಹೊಡೆದರು. ಮಿಸೆಸ್ ಡಾಯ್ಲ್ ಕಣ್ಣೊರೆಸಿಕೊಂಡು, "ನನ್ನ ಮದುವೆಯಲ್ಲೂ ನನಗೆ ಯಾರೂ ಹೀಗೆ ಮಾಡಲಿಲ್ಲ" ಎಂದರು.

ನಿಧಿ ಕೂಲರ್ ತೆರೆದಳು. ಹನ್ನೆರಡು ಬಿಳಿ ಐಸ್ ಇಡ್ಲಿ. ಬಟ್ಟೆಯ ನೆಯ್ಗೆ ಕೂಡ ಮೇಲೆ ಅಚ್ಚೊತ್ತಿ ಚೆಂದ ಕಾಣುತ್ತಿತ್ತು.

"ತಡಿ, ಇದು ಗೌಡ್ರಿಗೆ" ಎಂದು ಆಯಿ ಬಾಳೆಹಣ್ಣಿನ ಬಿಲ್ಲೆ ಇದ್ದದ್ದನ್ನು ತಾನೇ ಎತ್ತಿ ಕೊಟ್ಟಳು. ಗ್ರೇವಿ ಅದನ್ನು ನೆಕ್ಕಲೂ ಇಲ್ಲ, ಕಚ್ಚಲೂ ಇಲ್ಲ. ‘ಗಳಕ್.’ ಇಡ್ಲಿ ಮಾಯ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಧಿ ಎರಡನೆಯದನ್ನು ಡಚೆಸ್ ಎಂಬ ಪುಟ್ಟ ಪೊಮರೇನಿಯನ್ನಿಗೆ ಇಟ್ಟಳು. ಡಚೆಸ್ ದೊಡ್ಡ ಮನೆತನದವಳಂತೆ ನಾಲಿಗೆಯ ತುದಿಯಿಂದ ಮೆಲ್ಲಗೆ ನೆಕ್ಕಿತು. ಮೊಸರು ಸವೆಯಿತು. ಒಳಗಿನಿಂದ ಕಂದು ಬಣ್ಣದ, ಸುಕ್ಕುಸುಕ್ಕಾದ ಒಂದು ಮೂತಿ ಹೊರಗಿಣುಕಿತು.

ನಿಧಿ ಅದನ್ನು ನೋಡಿದಳು. ತಟ್ಟನೆ ಬಗ್ಗಿ ಇಡ್ಲಿ ಕಿತ್ತುಕೊಂಡಳು. ಡಚೆಸ್ ಮನೆತನ ಮರೆತು ‘ಗುರ್ರ್’ ಎಂದಿತು.

ಒಣದ್ರಾಕ್ಷಿ.

ಯಾರೂ ನೋಡಿರಲಿಲ್ಲ. ‘ಕರಗಿಹೋಗಿದೆ’ ಎಂದು ಹೇಳಿ ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಮನೆಗೆ ಹೋಗಬಹುದಿತ್ತು. ವಾಕಿಂಗ್ ಉಳಿಯುತ್ತಿತ್ತು. ಸಮ್ಮರ್ ಉಳಿಯುತ್ತಿತ್ತು. ಗ್ರೇವಿ ಎಷ್ಟು ದೊಡ್ಡ ನಾಯಿ! ಸಾಕ್ಸ್ ನುಂಗಿ ಅರಗಿಸಿಕೊಂಡ ನಾಯಿ. ಇಷ್ಟಕ್ಕೆ ಏನಾಗುತ್ತದೆ?

ಗ್ರೇವಿ ಬಂದು ಅವಳ ಮೊಣಕಾಲಿಗೆ ತಲೆ ಒರಗಿಸಿತು. ಕುಂಕುಮವೆಲ್ಲ ಅವಳ ಚಡ್ಡಿಗೆ ಮೆತ್ತಿತು. ಇನ್ನೊಂದು ಕೊಡ್ತೀಯಾ ಎಂದು ಬಾಲ ಕೇಳುತ್ತಿತ್ತು.

"ಸ್ಟಾಪ್!" ನಿಧಿ ಕಿರುಚಿದಳು. "ಯಾರೂ ಕೊಡಬೇಡಿ! ಇದ್ರಲ್ಲಿ ಒಣದ್ರಾಕ್ಷಿ ಇದೆ! ಗ್ರೇವಿ ತಿಂದುಬಿಟ್ಟಿದೆ!"

ಚಪ್ಪಾಳೆ ನಿಂತಿತು. ಡಚೆಸ್‌ನ ಮನೆಯವರು ಅದನ್ನು ಎತ್ತಿ ಎದೆಗೆ ಅವಚಿಕೊಂಡರು. ಮಿಸೆಸ್ ಡಾಯ್ಲ್ ಆಗಲೇ ನಾಯಿ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಕಿವಿಗೆ ಫೋನ್ ಇಟ್ಟುಕೊಂಡೇ ಕೇಳಿದರು: "ದ್ರಾಕ್ಷಿ ಹಾಕಿದ್ದು ಯಾರು?"

"ನಮ್ಮಜ್ಜಿ..." ಎಂದಳು ನಿಧಿ.

ಎಲ್ಲರ ಮುಖವೂ ಒಟ್ಟಿಗೆ ಆಯಿಯ ಕಡೆ ತಿರುಗಿತು. ಆಯಿಗೆ ಇಂಗ್ಲಿಷ್ ಬಾರದು. ಇಷ್ಟು ಜನ ತನ್ನನ್ನೇ ನೋಡುತ್ತಿದ್ದಾರೆಂದರೆ ತಿಂಡಿ ರುಚಿಯಾಗಿದೆ ಎಂದೇ ಅವಳ ಲೆಕ್ಕ. ಆರತಿ ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ, ಬಾಯಿ ತುಂಬ ನಕ್ಕಳು.

ನಿಧಿ ಮಿಸೆಸ್ ಡಾಯ್ಲ್ ಕಡೆ ತಿರುಗಿದಳು. "ನಾವಿಬ್ಬರೂ ಸೇರಿ ಮಾಡಿದ್ವಿ" ಎಂದಳು. "ಹಾಕಬಾರದು ಅಂತ ನನಗೆ ಗೊತ್ತಿತ್ತು. ಅಜ್ಜಿಗೆ ನಾನು ಹೇಳಿರಲಿಲ್ಲ."

"ಎಷ್ಟು ತಿಂದಿದೆ ಅಂತ ಕೇಳ್ತಿದಾರೆ. ಎಷ್ಟು, ನಿಧಿ?" ಎಂದರು ಮಿಸೆಸ್ ಡಾಯ್ಲ್, ಫೋನ್ ಕಿವಿಯಲ್ಲೇ ಇಟ್ಟುಕೊಂಡು.

ನಿಧಿ ಆಯಿಯ ಹತ್ತಿರ ಹೋದಳು. "ಆಯಿ, ಗ್ರೇವಿ ಇಡ್ಲೀಲಿ ಎಷ್ಟು ದ್ರಾಕ್ಷಿ ಹಾಕಿದ್ದೆ?"

"ಯಾಕ, ಇನ್ನೂ ಬೇಕಂತೇನು? ಡಬ್ಬಿ ತುಂಬ ಅದಾವು."

"ಅದು ನಾಯಿಗೆ ವಿಷ ಆಯಿ."

ಆಯಿಯ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದ ಮೇಲೆ ಸುಮ್ಮನೆ ಉಳಿದುಕೊಂಡಿತ್ತು. "ನಮ್ಮ ದ್ರಾಕ್ಷಿ?" ಎಂದಳು. "ನಮ್ಮ ಅಣ್ಣನ ತೋಟದ್ದು?"

"ಯಾವುದಾದ್ರೂನೂ. ಕಿಡ್ನಿ ಹಾಳಾಗುತ್ತೆ. ಎಷ್ಟು ಹಾಕಿದ್ದೆ, ಹೇಳು!"

"ಐದು" ಎಂದಳು ಆಯಿ. "ಅವಂದು ಹುಟ್ಟಿದ ಹಬ್ಬ ಅಂತ."

ಕಾರಿನಲ್ಲಿ ಮಿಸೆಸ್ ಡಾಯ್ಲ್ ಬಸ್ ಓಡಿಸುವವರಂತೆ ಸ್ಟೀರಿಂಗ್ ಅಪ್ಪಿಕೊಂಡು ಓಡಿಸಿದರು. ಹಿಂದಿನ ಸೀಟಿನಲ್ಲಿ ನಿಧಿ, ನಡುವೆ ಗ್ರೇವಿ, ಆಚೆ ಆಯಿ. ಆಯಿಯನ್ನು ಯಾರೂ ಕರೆದಿರಲಿಲ್ಲ, ಅವಳೇ ಬಾಗಿಲು ತೆಗೆದು ಹತ್ತಿ ಕೂತಿದ್ದಳು. ಟೋಪಿ ಹಾಕಿದ್ದ ತಲೆಯನ್ನು ಗ್ರೇವಿ ಅವಳ ತೊಡೆಯ ಮೇಲಿಟ್ಟು ಇಳಕಲ್ ಸೀರೆಯ ಮೇಲೆ ಧಾರಾಳವಾಗಿ ಜೊಲ್ಲು ಸುರಿಸುತ್ತಿತ್ತು.

ನಾಯಿ ಡಾಕ್ಟರ್ ಗಿಲ್ ಎತ್ತರದ ಹೆಂಗಸು, ಪಂಜಾಬಿ. ಅವರು ಆಯಿಯನ್ನು ನೋಡಿ, "ನಮಸ್ತೇ ಆಂಟೀಜಿ" ಎಂದರು. ಆಯಿಗೆ ಹೋದ ಜೀವ ಬಂದಂತಾಯಿತು. ತನಗೆ ಬರುವ ವಿಜಯಪುರದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಬೇಟಾ, ಪಾಂಚ್ ದಿಯಾ ಮೈ. ಗಿನ್ ಕೇ ದಿಯಾ. ಇಸ್ಕೋ ಮತ್ ಡಾಂಟೋ" ಎಂದು ನಿಧಿಯ ಕಡೆ ಬೆರಳು ತೋರಿಸಿದಳು. ಎಣಿಸಿಯೇ ಐದು ಕೊಟ್ಟೆ, ಇವಳನ್ನು ಬಯ್ಯಬೇಡ ಎಂದು ಅದರರ್ಥ.

"ಕೆಲವು ನಾಯಿಗೆ ಏನೂ ಆಗೋದಿಲ್ಲ. ಕೆಲವಕ್ಕೆ ಸ್ವಲ್ಪ ತಿಂದರೂ ತುಂಬಾ ತೊಂದರೆ. ಯಾವುದಕ್ಕೆ ಅಂತ ಮೊದಲೇ ಹೇಳೋಕಾಗಲ್ಲ" ಎಂದರು ಡಾಕ್ಟರ್. "ಅದಕ್ಕೇ ಈಗ ಎಲ್ಲಾ ಹೊರಗೆ ಬರಬೇಕು."

ಒಂದು ಇಂಜೆಕ್ಷನ್ ಚುಚ್ಚಿದರು. ಗ್ರೇವಿ ಎರಡು ನಿಮಿಷ ಯೋಚಿಸಿತು. ಆಮೇಲೆ ‘ವ್ಯಾ...ಕ್!’

ಸ್ಟೀಲ್ ಬೋಗುಣಿಯೊಳಗೆ ಮೊದಲು ಮೊಸರು ಬಂತು. ಬಾಳೆಹಣ್ಣಿನ ಬಿಲ್ಲೆ ಇಡಿಯಾಗಿ ಬಂತು. ನೀಲಿ ಬಲೂನಿನ ಚೂರು ಬಂತು. ಆಟದ ಕಾರಿನ ಒಂದು ಚಕ್ರ ಬಂತು. ಮಿಸೆಸ್ ಡಾಯ್ಲ್ ಗೋಡೆ ಹಿಡಿದುಕೊಂಡರು. ನಿಧಿ ಮೂಗು ಮುಚ್ಚಿಕೊಂಡಳು. ಆಯಿ ಮಾತ್ರ ಕನ್ನಡಕ ಏರಿಸಿಕೊಂಡು ಬೋಗುಣಿಯ ಮೇಲೆ ಬಗ್ಗಿದಳು.

"ಒಂದು" ಎಂದಳು. "ಎರಡು. ಸರಿ ಹಿಡಿಯವಾ ಆ ಲೈಟು. ಇದು ಮೂರು. ಅಲ್ನೋಡು, ನಾಕು."

ಎಲ್ಲರೂ ಕಾದರು.

"ನಾಕ ಅದಾವು" ಎಂದಳು ಆಯಿ. "ಇನ್ನೊಂದು ಒಳಗ ಅದ."

"ಮೊಸರಲ್ಲಿ ಮುಚ್ಚಿಕೊಂಡಿರಬಹುದು ಆಂಟೀಜಿ" ಎಂದು ಆಯಿಯ ನಾಲ್ಕು ಬೆರಳು ನೋಡಿ ಡಾಕ್ಟರ್ ಹಿಂದಿಯಲ್ಲಿ ಹೇಳಿದರು.

"ಇಲ್ಲ ಬೇಟಾ. ನಾಕೇ." ಆಯಿ ಗ್ರೇವಿಯ ಗದ್ದ ಹಿಡಿದು ಅದರ ಕಣ್ಣಲ್ಲಿ ಕಣ್ಣಿಟ್ಟಳು. "ಗೌಡ್ರ, ಕೊಟ್ಟದ್ದು ಐದು. ನನ್ನ ಮರ್ಯಾದಿ ತಗೀಬ್ಯಾಡ್ರಿ. ಹಾಕ್ರಿ ಹೊರಗ."

ಇಂಜೆಕ್ಷನ್ನೋ, ಆಯಿಯ ಕಣ್ಣೋ, ಗ್ರೇವಿ ಇನ್ನೊಂದು ಸಲ ‘ವ್ಯಾಕ್’ ಎಂದಿತು. ಪುಟ್ಟ ಕಂದು ಉಂಡೆಯೊಂದು ಬೋಗುಣಿಯಂಚಿಗೆ ಬಡಿದು ಒಳಕ್ಕೆ ಉರುಳಿತು.

"ಐದು!" ಎಂದು ನಿಧಿ, ಆಯಿ, ಡಾಕ್ಟರ್ ಮೂವರೂ ಮೂರು ಭಾಷೆಯಲ್ಲಿ ಕೂಗಿದರು.

ಆದರೂ ಅಲ್ಲಿಗೆ ಮುಗಿಯಲಿಲ್ಲ. ಗ್ರೇವಿಗೆ ಎರಡು ದಿನ ಸಲೈನ್ ಹಾಕಬೇಕು, ರಕ್ತ ಪರೀಕ್ಷೆ ಮಾಡಬೇಕು, ಕಿಡ್ನಿ ಸರಿಯಾಗಿದೆ ಎಂದು ಗೊತ್ತಾಗುವುದು ಆಮೇಲೆ ಎಂದರು ಡಾಕ್ಟರ್. ಗ್ರೇವಿಯನ್ನು ಅಲ್ಲೇ ಬಿಟ್ಟು ಮೂವರೂ ಹೊರಗೆ ಬಂದರು.

"ಮಿಸೆಸ್ ಡಾಯ್ಲ್," ನಿಧಿ ಕಾರಿನ ಹತ್ತಿರ ಮೆಲ್ಲಗೆ ಕೇಳಿದಳು, "ವಾಕಿಂಗ್..."

"ಈಗ ಆ ಮಾತು ಬೇಡ, ಕಂದಾ." ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೇ ವಾಸಿ ಇತ್ತು.

ಮನೆಗೆ ಬಂದ ಮೇಲೆ ಆಯಿ ಸೀರೆ ಕೂಡ ಬದಲಿಸದೆ ಫ್ರಿಜ್ಜಿನ ಮುಂದೆ ಹೋಗಿ ನಿಂತಳು. ಐದು ಬಣ್ಣದ ಕಾಗದದ ಮೇಲೆ ಬೆರಳಿಟ್ಟಳು.

"ದ್ರಾಕ್ಷಿ ಅಂತ ಇದರಾಗ ಎಲ್ಲಿ ಬರದದ?"

ನಿಧಿ ತೋರಿಸಿದಳು. ಹಸಿರು ಬಣ್ಣದ್ದು, ಐದನೇ ಸಾಲು.

"ದಿನಾ ಇದರ ಮುಂದ ನಿಂತಽ ಹಾಲು ತಗೀತಿದ್ದೆ" ಎಂದಳು ಆಯಿ. "ನಗೂ ಬುರುಡಿ ಛಲೋ ತಗದಾಳ ಹುಡುಗಿ ಅಂದ್ಕೊಂಡೆ."

‘ನಿಂಗೆ ಗೊತ್ತಾಗಲ್ಲ’ ಎಂದಿದ್ದ ತನ್ನದೇ ಮಾತು ನಿಧಿಗೆ ನೆನಪಾಯಿತು. ಆಯಿಯ ಸೊಂಟ ತಬ್ಬಿಕೊಂಡು, ನಾಯಿಜೊಲ್ಲಿನ ಸೀರೆಗೆ ಮುಖ ಒತ್ತಿ ಅತ್ತಳು.

"ಅಳೂದಾದ್ರ ಈ ಕಡೆ ತೊಡಿ ಮ್ಯಾಲ ಅಳು" ಎಂದಳು ಆಯಿ. "ಆ ಕಡೆ ಗೌಡ್ರು ಮೊದಲಽ ತೋಯಿಸ್ಯಾರ."

ಬುಧವಾರ ಗ್ರೇವಿ ಮನೆಗೆ ಬಂತು. ಕಿಡ್ನಿಗೆ ಏನೂ ಆಗಿರಲಿಲ್ಲ. ಸಲೈನ್ ಹಾಕಿದ ಮುಂಗಾಲಿನಲ್ಲಿ ಒಂದು ಕಡೆ ಕೂದಲು ಬೋಳಿಸಿದ್ದರು. ಅದನ್ನು ಬಂದುಹೋದವರಿಗೆಲ್ಲ ಎತ್ತಿ ತೋರಿಸುತ್ತಿತ್ತು.

ನಿಧಿ ಆಯಿಯನ್ನು ಕರೆದುಕೊಂಡು ನೋಡಲು ಹೋದಳು. ಮಿಸೆಸ್ ಡಾಯ್ಲ್ ಬಾಗಿಲು ತೆಗೆದು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. "ಈ ವಾರ ವಾಕಿಂಗ್ ಇಲ್ಲ. ಡಾಕ್ಟರ್ ಹೇಳಿದಾರೆ" ಎಂದರು. "ಮುಂದಿನ ವಾರದ್ದು ಮುಂದಿನ ವಾರ ನೋಡೋಣ. ಬೇಕಿದ್ದರೆ ಅವನ ಜೊತೆ ಕೂತಿರಿ. ತಿನ್ನೋಕೆ ಏನೂ ಕೊಡಬೇಡಿ." ಒಳಗೆ ಹೋದರು. ಬಲೆಯ ಬಾಗಿಲಿನ ಹಿಂದಿನ ಮರದ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಮೆಟ್ಟಿಲ ಮೇಲೆ ಗ್ರೇವಿಯ ಆಚೆ ಒಬ್ಬರು, ಈಚೆ ಒಬ್ಬರು ಕೂತರು. ಗ್ರೇವಿ ಆಯಿಯ ಕೈ ಮೂಸಿತು. ನಾಲಿಗೆ ಹೊರಹಾಕಿತು.

ಆಯಿ ಬೆಂಕಿ ಮುಟ್ಟಿದವಳಂತೆ ಎರಡೂ ಕೈ ಮೇಲೆತ್ತಿದಳು. "ಏ ನಿಧೀ! ಈಗಷ್ಟ ಒಗ್ಗರಣಿ ಹಾಕಿ ಬಂದೀನಿ. ಬೆರಳಿಗೆ ಅರಿಷಿಣ ಹತ್ತ್ಯದ. ನೆಕ್ಕಿದ್ರ ನಡೀತದೇನು?"

"ಅರಿಶಿನ ತಾನೇ? ಅದೇನೂ..." ಎಂದ ನಿಧಿ ಅಲ್ಲಿಗೇ ನಿಲ್ಲಿಸಿದಳು. ನೋಡಿದ ವಿಡಿಯೋಗಳನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಂಡಳು. ಯಾವುದರಲ್ಲೂ ಅರಿಶಿನದ ಮಾತು ಬಂದಿರಲಿಲ್ಲ.

"ನಂಗೊತ್ತಿಲ್ಲ ಆಯಿ" ಎಂದಳು. "ತಡಿ, ಕೇಳ್ಕೊಂಡು ಬರ್ತೀನಿ."

ಅವಳು ಎದ್ದು ಬಲೆಯ ಬಾಗಿಲು ತಟ್ಟಿದಳು. ಬೆನ್ನ ಹಿಂದೆ ಆಯಿ, ಪೊಲೀಸರ ಕೈಗೆ ಸಿಕ್ಕವಳಂತೆ ಎರಡೂ ಕೈ ಎತ್ತಿಕೊಂಡೇ ಕೂತಿದ್ದಳು. ಗ್ರೇವಿ ಒಂದು ಸಲ ಬಲಗೈ ನೋಡಿತು, ಒಂದು ಸಲ ಎಡಗೈ ನೋಡಿತು. ಆಮೇಲೆ ಅದೂ ಕತ್ತು ತಿರುಗಿಸಿ, ಬಾಗಿಲ ಕಡೆ ನೋಡುತ್ತ ಕಾಯತೊಡಗಿತು.